ಎರಡನೆಯ ಪುಟದ ಸ್ಪಷ್ಟೀಕರಣ

ಬ್ರಿಟನ್ನಿನಲ್ಲಿ ಪತ್ರಿಕೆಯೊಂದರ ಮೇಲೆ ದೂರು ಕೊಡುವುದಕ್ಕೆ ವಕೀಲರು ಬೇಕಿಲ್ಲ, ಶುಲ್ಕವಿಲ್ಲ, ಅಂಚೆಚೀಟಿಯ ಖರ್ಚೂ ಇಲ್ಲ. ಬೇಕಾದದ್ದು ಬಿಡುವು ಮತ್ತು ಹಟ. ನಿವೃತ್ತನಾದ ನನ್ನ ಬಳಿ ಮೊದಲನೆಯದು ಧಾರಾಳವಾಗಿದೆ. ಎರಡನೆಯದು ಹುಟ್ಟಿನಿಂದಲೇ ಬಂದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಕುರಿತು ಬಂದ ಒಂದು ಸುದ್ದಿಯ ಮೇಲೆ ನಾನು ಕೊಟ್ಟ ದೂರು ಹೇಗೆ ಸಾಗಿತು, ಎಲ್ಲಿಗೆ ಮುಟ್ಟಿತು ಎಂಬುದನ್ನು ಬರೆಯುತ್ತಿದ್ದೇನೆ. ಪತ್ರಿಕೆಯ ಹೆಸರು ಹೇಳುವುದಿಲ್ಲ. ಅದು ಮಾಡಿದ್ದನ್ನು ಉಳಿದವೂ ಮಾಡುತ್ತವೆ. ಇದೊಂದನ್ನೇ ಕಟಕಟೆಗೆ ಏರಿಸಿದರೆ ಅದೂ ಒಂದು ಬಗೆಯ ಪಕ್ಷಪಾತವೇ.

ನಾನು ತಟಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2014ರ ಸೆಪ್ಟೆಂಬರ್ 18ರ ಜನಮತಗಣನೆಯಲ್ಲಿ ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದು ಗುರುತು ಹಾಕಿದವನು ನಾನು. ಆಗ ನನ್ನ ಕೈಯಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟ್. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದಾನದ ಹಕ್ಕಿದೆ. ಹಾಸನ ಜಿಲ್ಲೆಯಲ್ಲಿ ಹುಟ್ಟಿದವನು ಬ್ರಿಟನ್ ಉಳಿಯಬೇಕೆ, ಒಡೆಯಬೇಕೆ ಎಂದು ಮತ ಹಾಕಬಹುದಿತ್ತು. ಲಂಡನ್ನಿನಲ್ಲಿ ನೆಲೆಸಿದ್ದ ಅಪ್ಪಟ ಸ್ಕಾಟ್ ಹಾಕುವಂತಿರಲಿಲ್ಲ. ಊರಿನಿಂದ ಫೋನ್ ಮಾಡಿದ್ದ ಅಣ್ಣನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ನಕ್ಕಿದ್ದ.

“ಅಲ್ಲ ಕಣೋ, ಅವರು ಇನ್ನೂರು ವರ್ಷ ನಮ್ಮನ್ನು ಆಳಿದರು. ಈಗ ಅವರ ದೇಶ ಒಡೆಯುವುದಕ್ಕೆ ನಿನ್ನನ್ನು ಕೇಳುತ್ತಿದ್ದಾರಾ?”

“ಸ್ಕಾಟರೂ ಆಳಿದವರೇ ಅಣ್ಣ, ಅವರೇನು ಸಾಚಾಗಳಲ್ಲ,” ಎಂದಿದ್ದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸ್ಕಾಟರು ತುಂಬಿಕೊಂಡಿದ್ದರು. ನಮ್ಮ ಮೈಸೂರು ಸೀಮೆಯನ್ನು ಟಿಪ್ಪುವಿನ ನಂತರ ಅಳತೆ ಮಾಡಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಸ್ಕಾಟ್ಲೆಂಡನ್ನು ವಸಾಹತು ಎಂದು ಕರೆಯುವವರು ಇಲ್ಲಿ ಕೆಲವರಿದ್ದಾರೆ. ಆ ಮಾತು ಕೇಳಿದಾಗ ನಾನು ಎದ್ದು ಚಹಾ ಮಾಡಲು ಹೋಗುತ್ತೇನೆ.

ನನ್ನ ‘ಹೌದು’ ಬಂದದ್ದು ಬೇರೆ ಕಡೆಯಿಂದ. ನಾನು ಗ್ಲಾಸ್ಗೋ ಸುತ್ತಲಿನ ಸ್ಥಳೀಯ ಆಡಳಿತದ ಹಣಕಾಸು ವಿಭಾಗಕ್ಕೆ ಸೇರಿ ಇನ್ನೂ ಹೊಸಬನಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ, ‘ಪೋಲ್ ಟ್ಯಾಕ್ಸ್’ ಬಂತು. ಮನೆಯ ಬೆಲೆಯ ಮೇಲೆ ಹಾಕುತ್ತಿದ್ದ ತೆರಿಗೆಯನ್ನು ತೆಗೆದು ವಯಸ್ಕರ ತಲೆಯ ಮೇಲೆ ಹಾಕಿದ ತಲೆಗಂದಾಯ ಅದು. ಎಸ್ಟೇಟ್ ಇರುವ ಲಾರ್ಡ್‌ಗೂ ಅವನ ತೋಟದ ಮಾಲಿಗೂ ಒಂದೇ ದರ. ವಿದ್ಯಾರ್ಥಿಗಳೂ ಕೆಲಸವಿಲ್ಲದವರೂ ಶೇ 20ರಷ್ಟನ್ನಾದರೂ ಕಟ್ಟಲೇಬೇಕು. ಇಂಗ್ಲೆಂಡಿಗೆ ಇದು ಬಂದದ್ದು ಒಂದು ವರ್ಷ ತಡವಾಗಿ. ಸ್ಕಾಟ್ಲೆಂಡಿನ 72 ಸಂಸದರಲ್ಲಿ ಆಗ ಪ್ರಧಾನಿ ಥ್ಯಾಚರ್ ಪಕ್ಷದವರು 10 ಜನ.

ನಮ್ಮ ಮೇಜಿಗೆ ವಾಪಸು ಬರುತ್ತಿದ್ದ ನೋಟಿಸುಗಳನ್ನು ನಾನು ಮರೆತಿಲ್ಲ. ಕೆಲವಕ್ಕೆ ‘ಕೊಡುವುದಿಲ್ಲ’ ಎಂದು ದಪ್ಪ ಪೆನ್ನಿನಲ್ಲಿ ಬರೆದಿರುತ್ತಿತ್ತು. ಇನ್ನು ಕೆಲವಕ್ಕೆ ಮುದುಕಿಯರು ತಮ್ಮ ಖರ್ಚಿನ ಪಟ್ಟಿ ಲಗತ್ತಿಸಿ, ಯಾವುದನ್ನು ಬಿಡಲಿ ಹೇಳಿ ಎಂದು ಕೇಳಿರುತ್ತಿದ್ದರು. ಕಟ್ಟದವರ ಹೆಸರು ವಾರಂಟಿಗೆ ಹೋಗುತ್ತಿತ್ತು, ಬಾಕಿಯ ಮೇಲೆ ಶೇ 10 ದಂಡ ಸೇರುತ್ತಿತ್ತು, ಆಮೇಲೆ ಸಾಮಾನು ಜಪ್ತಿಗೆ ಅಧಿಕಾರಿಗಳು ಬಾಗಿಲು ತಟ್ಟುತ್ತಿದ್ದರು. ಆ ಪಟ್ಟಿಗಳನ್ನು ತಯಾರಿಸಿದ ಕೈಗಳಲ್ಲಿ ನನ್ನದೂ ಒಂದು. ಓಟು ಹಾಕದವರ ಮೇಲೆ ಓಟು ಪಡೆಯದವರು ಹೇರಿದ ಕಾನೂನು ಹೇಗಿರುತ್ತದೆ ಎಂಬುದನ್ನು ನಾನು ಭಾಷಣದಲ್ಲಿ ಕೇಳಿದ್ದಲ್ಲ, ಖಾತೆಪುಸ್ತಕದಲ್ಲಿ ನೋಡಿದ್ದು.

ಹೆಂಡತಿಯ ಓಟು ‘ಬೇಡ’. ಅವಳು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು. ಪಿಂಚಣಿ ಯಾವ ಹಣದಲ್ಲಿ ಬರುತ್ತದೆ, ಪೌಂಡ್ ಇರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಅವಳಿಗೆ ಉತ್ತರ ಬೇಕಿತ್ತು. ಸ್ಕಾಟಿಷ್ ಸರ್ಕಾರ 2013ರ ನವೆಂಬರ್‌ನಲ್ಲಿ ಹೊರತಂದ ಶ್ವೇತಪತ್ರ ಇಟ್ಟಿಗೆಯಷ್ಟು ದಪ್ಪವಿತ್ತು. ಅದರ ಪ್ರಕಾರ ಪೌಂಡನ್ನು ಎರಡೂ ದೇಶಗಳು ಹಂಚಿಕೊಳ್ಳುತ್ತವೆ. 2014ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಎಡಿನ್‌ಬರಾಕ್ಕೆ ಬಂದು ಆಗುವುದಿಲ್ಲ ಎಂದು ಹೇಳಿ ಹೋದರು. ಅಲ್ಲಿಂದ ಮುಂದೆ ಆಗಿನ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸ್ಯಾಮಂಡ್ ಅವರ ಉತ್ತರ ನನಗೂ ತೃಪ್ತಿ ಕೊಡಲಿಲ್ಲ. ಲೆಕ್ಕ ಪರಿಶೋಧಕನಾಗಿ ನಾನು ಆ ಅಧ್ಯಾಯಕ್ಕೆ ಸಹಿ ಹಾಕುತ್ತಿರಲಿಲ್ಲ. ಪ್ರಜೆಯಾಗಿ ‘ಹೌದು’ ಎಂದೆ. ನಮ್ಮ ಈಸ್ಟ್ ರೆನ್‌ಫ್ರೂಶೈರ್‌ನಲ್ಲಿ ಶೇ 63ರಷ್ಟು ಜನ ಹೆಂಡತಿಯ ಕಡೆ ಇದ್ದರು. ಒಟ್ಟು ಫಲಿತಾಂಶದಲ್ಲಿ ‘ಬೇಡ’ಕ್ಕೆ ಶೇ 55.3, ‘ಹೌದು’ಗೆ ಶೇ 44.7. ಅರವತ್ತೈದು ದಾಟಿದವರಲ್ಲಿ ಬಹುಪಾಲು ‘ಬೇಡ’ ಎಂದದ್ದನ್ನು ಆಮೇಲಿನ ಸಮೀಕ್ಷೆಗಳು ತೋರಿಸಿದವು. ನನ್ನ ವಯಸ್ಸಿನವರ ನಡುವೆ ನಾನು ಅಂದೂ ಅಲ್ಪಸಂಖ್ಯಾತ, ಇಂದೂ ಹಾಗೆಯೇ.

ಪತ್ರಿಕೆಗಳ ಕುರಿತ ನನ್ನ ಸಿಟ್ಟು ಶುರುವಾದದ್ದೂ ಆ ವರ್ಷವೇ. ಸುಮಾರು ಅರ್ಧದಷ್ಟು ಮತದಾರರು ‘ಹೌದು’ ಎನ್ನುತ್ತಿದ್ದ ದೇಶದಲ್ಲಿ ಒಂದೇ ಒಂದು ದಿನಪತ್ರಿಕೆಯೂ ಅವರ ಪರ ನಿಲ್ಲಲಿಲ್ಲ. ನಿಂತದ್ದು ವಾರಕ್ಕೊಮ್ಮೆ ಬರುತ್ತಿದ್ದ ಸಂಡೇ ಹೆರಾಲ್ಡ್ ಮಾತ್ರ. ಮತದಾನಕ್ಕೆ ಎರಡು ದಿನ ಇರುವಾಗ ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟದಲ್ಲಿ ಬ್ರಿಟನ್ನಿನ ಮೂರು ದೊಡ್ಡ ಪಕ್ಷಗಳ ನಾಯಕರಾದ ಕ್ಯಾಮರಾನ್, ಮಿಲಿಬ್ಯಾಂಡ್, ಕ್ಲೆಗ್ ಮೂವರ ಸಹಿಯೊಂದಿಗೆ ‘ಪ್ರತಿಜ್ಞೆ’ ಬಂತು, ಹಳೆಯ ಚರ್ಮಪತ್ರದ ವೇಷದಲ್ಲಿ. ಸ್ಕಾಟ್ಲೆಂಡಿಗೆ ಹೆಚ್ಚಿನ ಅಧಿಕಾರ ಕೊಡುತ್ತೇವೆ ಎಂಬ ಭರವಸೆ ಅದು. ಅದಕ್ಕೂ ಕೆಲವು ದಿನ ಮೊದಲು ಸ್ಯಾಮಂಡ್ ಪತ್ರಿಕಾಗೋಷ್ಠಿಯಲ್ಲಿ ಬಿಬಿಸಿಯ ನಿಕ್ ರಾಬಿನ್ಸನ್ ಕೇಳಿದ ಪ್ರಶ್ನೆಗೆ ನಿಮಿಷಗಟ್ಟಲೆ ಉತ್ತರ ಕೊಟ್ಟಿದ್ದರು. ರಾತ್ರಿಯ ವರದಿಯಲ್ಲಿ ಅವರು ಉತ್ತರಿಸಲಿಲ್ಲ ಎಂದು ಬಂತು. ಸಾವಿರಾರು ಜನ ಗ್ಲಾಸ್ಗೋದ ಪೆಸಿಫಿಕ್ ಕೀಯಲ್ಲಿರುವ ಬಿಬಿಸಿ ಕಚೇರಿಯ ಮುಂದೆ ಸೇರಿ ಕೂಗಿದರು. ನಾನು ಹೋಗಲಿಲ್ಲ. ಪತ್ರಕರ್ತನ ಚಿತ್ರವಿರುವ ಬ್ಯಾನರ್ ಹಿಡಿದು ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಕೂಗುವುದು ನನಗೆ ಒಗ್ಗುವ ಕೆಲಸವಲ್ಲ. ತಪ್ಪು ಎಲ್ಲಿದೆ ಎಂದು ಗೆರೆ ಎಳೆದು ತೋರಿಸಿ ಸಹಿ ಪಡೆಯುವುದು ನನ್ನ ವೃತ್ತಿ ಕಲಿಸಿದ ದಾರಿ.

ಆ ಅವಕಾಶ ಬಂದದ್ದು ನಿವೃತ್ತನಾದ ಎಷ್ಟೋ ಕಾಲದ ಮೇಲೆ. ಸ್ವಾತಂತ್ರ್ಯಕ್ಕೆ ಬೆಂಬಲ ಕುಸಿದಿದೆ ಎಂದು ಒಂದು ಬೆಳಿಗ್ಗೆ ಒಳಪುಟದ ತಲೆಬರಹ ಘೋಷಿಸಿತ್ತು. ಹೊಸ ಸಮೀಕ್ಷೆಯ ಅಂಕಿ, ಪಕ್ಕದಲ್ಲಿ ಹಿಂದಿನ ಸಮೀಕ್ಷೆಯ ಅಂಕಿ, ನಡುವೆ ಕೆಳಮುಖವಾದ ಕೆಂಪು ಬಾಣ. ಕುಸಿದಿರಲೂಬಹುದು ಎಂದುಕೊಂಡೆ. ಸ್ವಾತಂತ್ರ್ಯದ ಪರ ನಿಂತ, ಸ್ಕಾಟಿಷ್ ಸರ್ಕಾರ ನಡೆಸುತ್ತಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಸ್ಥಿತಿ ಅಷ್ಟೊಂದು ಕೆಟ್ಟಿತ್ತು. 2024ರ ಜುಲೈ ಚುನಾವಣೆಯಲ್ಲಿ ಅದಕ್ಕೆ ದಕ್ಕಿದ್ದು 9 ಸ್ಥಾನ. ಅದರ ಹಿಂದಿನ ಚುನಾವಣೆಯಲ್ಲಿ 48 ಗೆದ್ದಿತ್ತು. ಅದರ ಸರ್ಕಾರದ ಹೊಣೆಯಲ್ಲಿ, ಅರನ್ ದ್ವೀಪಕ್ಕೆ ಓಡಬೇಕಿದ್ದ ಗ್ಲೆನ್ ಸಾನಕ್ಸ್ ಎಂಬ ಹಡಗು 2018ಕ್ಕೆ ಸಿದ್ಧವಾಗಬೇಕಿತ್ತು, ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2025ರ ಜನವರಿಯಲ್ಲಿ. ಅದರ ಖರ್ಚಿನ ಲೆಕ್ಕ ನೋಡಿದರೆ ನನ್ನಂಥವನಿಗೆ ರಕ್ತದೊತ್ತಡ ಏರುತ್ತದೆ. ಆದರೆ ಪಕ್ಷ ಸೋತರೂ ಸ್ವಾತಂತ್ರ್ಯದ ಪರ ಇರುವವರ ಪ್ರಮಾಣ ಅರ್ಧದ ಆಸುಪಾಸಿನಲ್ಲೇ ನಿಂತಿರುವುದು ಇಲ್ಲಿನ ರಾಜಕೀಯದ ವಿಚಿತ್ರಗಳಲ್ಲಿ ಒಂದು. ಹಾಗಾಗಿ ಆ ಕೆಂಪು ಬಾಣ ನನ್ನ ಕಣ್ಣಿಗೆ ಚುಚ್ಚಿತು.

ವೋಚರ್, ಅಂದರೆ ಮೂಲ ಆಧಾರ, ಹುಡುಕಿದೆ. ಇದು ಕಷ್ಟದ ಕೆಲಸವಲ್ಲ, ಆದರೂ ಮಾಡುವವರು ಕಡಿಮೆ. ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ಗೆ ಸೇರಿದ ಸಮೀಕ್ಷಾ ಸಂಸ್ಥೆಗಳು, ತಮ್ಮ ಸಮೀಕ್ಷೆಯ ಅಂಕಿ ಬಹಿರಂಗವಾದ ಎರಡು ಕೆಲಸದ ದಿನಗಳೊಳಗೆ ಅದರ ಪೂರ್ತಿ ಕೋಷ್ಟಕಗಳನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಯಾರು ದುಡ್ಡು ಕೊಟ್ಟು ಮಾಡಿಸಿದರು, ಯಾವ ದಿನಗಳಲ್ಲಿ ಕೇಳಿದರು, ಎಷ್ಟು ಜನರನ್ನು, ಯಾವ ಪದಗಳಲ್ಲಿ, ಯಾವ ಕ್ರಮದಲ್ಲಿ ಎಂಬುದೆಲ್ಲ ಅಲ್ಲಿರುತ್ತದೆ. ಎರಡೂ ಸಮೀಕ್ಷೆಗಳ ಕೋಷ್ಟಕಗಳನ್ನು ಇಳಿಸಿಕೊಂಡು ಗ್ರಂಥಾಲಯದಲ್ಲಿ ಮುದ್ರಿಸಿ ತಂದೆ. ಪರದೆಯ ಮೇಲೆ ನನಗೆ ಲೆಕ್ಕ ಕಾಣಿಸುವುದಿಲ್ಲ. ಕಾಗದ ಬೇಕು, ಅಡಿಕೋಲು ಬೇಕು, ಪೆನ್ಸಿಲ್ ಬೇಕು.

ಊಟದ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ಸಾಲು ಸಾಲಾಗಿ ಇಳಿದೆ. ವಯಸ್ಸು, ಲಿಂಗ, ಪ್ರದೇಶ, 2014ರಲ್ಲಿ ಹೇಗೆ ಮತ ಹಾಕಿದ್ದರು ಎಂಬ ಕಾಲಂಗಳು. ಸಾವಿರ ಚಿಲ್ಲರೆ ಜನ, ಅಂದರೆ ಮೂರು ಅಂಕ ಆಚೀಚೆ ಆಗಬಹುದಾದ ಅಂದಾಜು. ಅದನ್ನೂ ಸುದ್ದಿ ಹೇಳಿರಲಿಲ್ಲ. ಆದರೆ ನಿಜವಾದ ಸಂಗತಿ ಇದ್ದದ್ದು ಪ್ರಶ್ನೆಯಲ್ಲೇ. ಹಿಂದಿನ ಸಮೀಕ್ಷೆ ಕೇಳಿದ್ದು 2014ರ ಮತಪತ್ರದ ಪ್ರಶ್ನೆಯನ್ನೇ, ‘ಹೌದು’ ಅಥವಾ ‘ಬೇಡ’. ಹೊಸ ಸಮೀಕ್ಷೆಯನ್ನು ಮಾಡಿಸಿದ್ದು ಒಕ್ಕೂಟದ ಪರ, ಅಂದರೆ ಸ್ಕಾಟ್ಲೆಂಡ್ ಬ್ರಿಟನ್ನಿನೊಳಗೇ ಇರಬೇಕೆಂದು, ಪ್ರಚಾರ ಮಾಡುವ ಗುಂಪು. ಅದು ಕೇಳಿದ್ದು ಸ್ಕಾಟ್ಲೆಂಡ್ ಬ್ರಿಟನ್ನಿನಲ್ಲಿ ಉಳಿಯಬೇಕೆ, ಬಿಡಬೇಕೆ ಎಂದು. ಹಾಗೆ ಕೇಳಿದಾಗಲೆಲ್ಲ ಸ್ವಾತಂತ್ರ್ಯದ ಕಡೆಯ ಅಂಕಿ ಕೆಳಗೆ ಬರುತ್ತದೆ. ಸಮೀಕ್ಷೆಗಳನ್ನು ಹಿಂಬಾಲಿಸುವ ಎಲ್ಲರಿಗೂ ಗೊತ್ತಿರುವ ವಿಷಯ ಇದು. ಒಂದು ವರ್ಷದ ಬೆಳೆಯನ್ನು ಸೇರಿನಲ್ಲಿ ಅಳೆದು, ಮರುವರ್ಷದ್ದನ್ನು ಕಿಲೋದಲ್ಲಿ ತೂಗಿ, ಇಳುವರಿ ಬಿದ್ದುಹೋಯಿತು ಎಂದು ಬಾಯಿ ಬಡಿದುಕೊಂಡ ಹಾಗಾಗಿತ್ತು.

ಪ್ರಶ್ನೆ ಹೇಗಿರಬೇಕು ಎಂಬುದು ಇಲ್ಲಿ ಚಿಲ್ಲರೆ ವಿಷಯವಲ್ಲ. 2012ರಲ್ಲಿ ಸ್ಕಾಟಿಷ್ ಸರ್ಕಾರ ಮೊದಲು ಸೂಚಿಸಿದ ಪ್ರಶ್ನೆ ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ಒಪ್ಪುತ್ತೀರಾ?’ ಎಂದಿತ್ತು. ಒಪ್ಪುತ್ತೀರಾ ಎಂದು ಕೇಳಿದರೆ ಜನ ಹೌದೆನ್ನುವ ಕಡೆಗೆ ವಾಲುತ್ತಾರೆ ಎಂದು ಚುನಾವಣಾ ಆಯೋಗ 2013ರ ಜನವರಿಯಲ್ಲಿ ಅದನ್ನು ಬದಲಿಸಲು ಹೇಳಿತು, ಸರ್ಕಾರ ಒಪ್ಪಿತು. ಐರೋಪ್ಯ ಒಕ್ಕೂಟದ ಜನಮತಗಣನೆಯಲ್ಲಿ ಅದೇ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೌದು-ಇಲ್ಲಗಳನ್ನೇ ತೆಗೆಸಿ, ಉಳಿಯಬೇಕು-ಬಿಡಬೇಕು ಎಂದು ಮಾಡಿಸಿತು. ಹಾಗಾಗಿ ಎರಡನೆಯ ಬಗೆಯ ಪ್ರಶ್ನೆ ಮೋಸದ್ದು ಎಂದು ನಾನು ಹೇಳುವುದಿಲ್ಲ. ಅದರ ಪರವಾಗಿ ಒಳ್ಳೆಯ ವಾದವೇ ಇದೆ. ಎರಡು ಪ್ರಶ್ನೆಗಳ ಉತ್ತರವನ್ನು ಒಂದೇ ಬಾಣದಿಂದ ಜೋಡಿಸಿದ್ದು ಮಾತ್ರ ನನ್ನ ತಕರಾರು.

ಮೊದಲು ಸಂಪಾದಕರಿಗೆ ಬರೆದೆ. ನಿಯಮವೂ ಅದೇ, ಮರ್ಯಾದೆಯೂ ಅದೇ. ಬರೆದದ್ದನ್ನು ಹೆಂಡತಿಗೆ ಓದಲು ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಓದಿ, ಮೂರನೆಯ ಪ್ಯಾರಾದ ಮೇಲೆ ಬೆರಳಿಟ್ಟಳು. “ರೀ, ಇಲ್ಲಿ 2014 ಯಾಕೆ ಬಂತು? ಪೋಲ್ ಟ್ಯಾಕ್ಸ್ ಯಾಕೆ ಬಂತು? ನಿಮ್ಮ ಆತ್ಮಕಥೆ ಅವರಿಗೆ ಬೇಕಿಲ್ಲ.” ಆಕೆ ‘ಬೇಡ’ದ ಕಡೆಯವಳಾದ್ದರಿಂದ ನನ್ನ ಪತ್ರಗಳಿಗೆ ಅವಳಿಗಿಂತ ಒಳ್ಳೆಯ ಪರಿಶೋಧಕರು ಸಿಗುವುದಿಲ್ಲ. ಪತ್ರಿಕೆಯ ಒಟ್ಟಾರೆ ಧೋರಣೆ, ಹತ್ತು ವರ್ಷದ ಅನ್ಯಾಯ, ಲಂಡನ್ನಿನ ಮಾಲೀಕರು ಎಲ್ಲ ಹೋದವು. ಉಳಿದದ್ದು ಸುದ್ದಿಯ ದಿನಾಂಕ, ತಲೆಬರಹ, ಎರಡು ಪ್ರಶ್ನೆಗಳ ಪೂರ್ತಿ ಪಾಠ, ಕೋಷ್ಟಕಗಳ ಪುಟಸಂಖ್ಯೆ, ಮತ್ತು ಒಂದು ಬೇಡಿಕೆ: ಪ್ರಶ್ನೆಗಳು ಬೇರೆ ಬೇರೆ ಎಂದು ಓದುಗರಿಗೆ ತಿಳಿಸಿ.

ಉತ್ತರ ಬಂತು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟವರ ಗಮನಕ್ಕೆ ತಂದಿದ್ದೇವೆ, ಅಂಕಿಗಳು ಸಮೀಕ್ಷೆಯಲ್ಲಿ ಇದ್ದಂತೆಯೇ ಇವೆ, ಓದಿದ್ದಕ್ಕೆ ಧನ್ಯವಾದ. ಅಂಕಿಗಳು ಇದ್ದಂತೆಯೇ ಇದ್ದವು ಎಂಬುದು ಸತ್ಯ. ಅದನ್ನು ನಾನು ಅಲ್ಲಗಳೆದಿರಲೇ ಇಲ್ಲ.

ಅಲ್ಲಿಂದ ‘ಇಪ್ಸೊ’. ಬಹುತೇಕ ಬ್ರಿಟಿಷ್ ಪತ್ರಿಕೆಗಳು ತಾವೇ ಹಣ ಹಾಕಿ ನಡೆಸುತ್ತಿರುವ ಸ್ವತಂತ್ರ ನಿಯಂತ್ರಣ ಸಂಸ್ಥೆ ಅದು. ಫೋನ್ ಕದ್ದಾಲಿಕೆ ಹಗರಣದಲ್ಲಿ ಹೆಸರು ಕೆಡಿಸಿಕೊಂಡ ಹಳೆಯ ದೂರು ಆಯೋಗದ ಜಾಗಕ್ಕೆ 2014ರ ಸೆಪ್ಟೆಂಬರ್ 8ರಂದು ಬಂತು, ಅಂದರೆ ಜನಮತಗಣನೆಗೆ ಹತ್ತು ದಿನ ಇರುವಾಗ. ಎಲ್ಲ ಪತ್ರಿಕೆಗಳೂ ಅದಕ್ಕೆ ಸೇರಿಲ್ಲ. ಗಾರ್ಡಿಯನ್, ಫೈನಾನ್ಶಿಯಲ್ ಟೈಮ್ಸ್‌ಗಳು ಹೊರಗಿವೆ. ಟಿವಿ, ರೇಡಿಯೊಗಳ ದೂರು ಇಲ್ಲಿ ಬರುವುದಿಲ್ಲ. ಅದು ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ದಾರಿ. ನಾನು ದೂರು ಕೊಟ್ಟ ಪತ್ರಿಕೆ ಇಪ್ಸೊ ಸದಸ್ಯ ಹೌದೇ ಎಂದು ಮೊದಲು ಪಟ್ಟಿಯಲ್ಲಿ ನೋಡಿಕೊಂಡೆ.

ಅರ್ಜಿ ತುಂಬುವಾಗ ಎಡವುವ ಜಾಗ ಒಂದೇ: ಯಾವ ನಿಯಮದ ಉಲ್ಲಂಘನೆ ಎಂದು ಹೇಳಬೇಕು. ಸಂಪಾದಕರ ಸಂಹಿತೆ ಎಂಬುದೊಂದು ಇದೆ, ಓದಲು ಅರ್ಧ ಗಂಟೆ ಸಾಕು. ಮೊದಲ ನಿಯಮವೇ ನಿಖರತೆ. ತಪ್ಪು, ದಾರಿ ತಪ್ಪಿಸುವ ಅಥವಾ ತಿರುಚಿದ ಮಾಹಿತಿ ಪ್ರಕಟಿಸದಂತೆ ಪತ್ರಿಕೆ ಎಚ್ಚರ ವಹಿಸಬೇಕು. ಸುದ್ದಿಯಲ್ಲಿ ಆಧಾರವಿಲ್ಲದ ತಲೆಬರಹವೂ ಇದರೊಳಗೇ ಬರುತ್ತದೆ. ಗಣನೀಯ ತಪ್ಪಾಗಿದ್ದರೆ ಬೇಗನೆ, ತಕ್ಕ ಪ್ರಾಧಾನ್ಯ ಕೊಟ್ಟು ತಿದ್ದಬೇಕು. ಅದೇ ನಿಯಮದ ಕೆಳಗೆ ಇನ್ನೊಂದು ಮಾತಿದೆ: ಪತ್ರಿಕೆಗೆ ತನ್ನ ಅಭಿಪ್ರಾಯ ಹೇಳುವ, ಅಭಿಯಾನ ನಡೆಸುವ ಸ್ವಾತಂತ್ರ್ಯವಿದೆ, ಅಭಿಪ್ರಾಯ ಯಾವುದು, ಊಹೆ ಯಾವುದು, ವಾಸ್ತವ ಯಾವುದು ಎಂಬುದು ಬೇರೆ ಬೇರೆಯಾಗಿ ಕಂಡರೆ ಸಾಕು.

ಅಂದರೆ ಪಕ್ಷಪಾತ ಅಪರಾಧವೇ ಅಲ್ಲ. ಸಂಹಿತೆಯ ತುದಿಯಿಂದ ಬುಡದವರೆಗೆ ಹುಡುಕಿದರೂ ನಿಷ್ಪಕ್ಷಪಾತವಾಗಿರಬೇಕು ಎಂಬ ಕಟ್ಟಳೆ ಸಿಗುವುದಿಲ್ಲ. ಆ ಕಟ್ಟಳೆ ಇರುವುದು ಟಿವಿ, ರೇಡಿಯೊಗಳಿಗೆ. ‘ಹೌದು’ ಕಡೆಯ ಗೆಳೆಯರಿಗೆ ಇದನ್ನು ಹೇಳಿದಾಗ ಅವರಿಗೆ ನಂಬಿಕೆ ಬರುವುದಿಲ್ಲ. ಎಷ್ಟೋ ದೂರುಗಳು ಮೊದಲ ಮೆಟ್ಟಿಲಿನಲ್ಲೇ ಬಿದ್ದುಹೋಗುವುದಕ್ಕೆ ಕಾರಣ ಇದೇ ಇರಬೇಕು: ಈ ಪತ್ರಿಕೆ ನಮ್ಮನ್ನು ದ್ವೇಷಿಸುತ್ತದೆ ಎಂದು ಬರೆದರೆ, ದ್ವೇಷಿಸುವ ಹಕ್ಕು ಅದಕ್ಕಿದೆ ಎಂಬ ಉತ್ತರವಲ್ಲದೆ ಬೇರೇನು ಬರಲು ಸಾಧ್ಯ? ನನ್ನ ಹೆಂಡತಿ ಹೊಡೆದುಹಾಕಿದ ಮೂರು ಪ್ಯಾರಾಗಳು ಅರ್ಜಿಯಲ್ಲಿ ಇದ್ದಿದ್ದರೆ ನನ್ನದೂ ಅಲ್ಲೇ ಬೀಳುತ್ತಿತ್ತು.

ನಿಖರತೆಯ ಮೇಲಿನ ದೂರನ್ನು ಯಾರು ಬೇಕಾದರೂ ಕೊಡಬಹುದು, ಸುದ್ದಿ ನಿಮ್ಮ ಕುರಿತೇ ಇರಬೇಕೆಂದಿಲ್ಲ. ಪ್ರಕಟವಾದ ನಾಲ್ಕು ತಿಂಗಳೊಳಗೆ ಕೊಡಬೇಕು. ಇಪ್ಸೊ ಮೊದಲು ದೂರಿನಲ್ಲಿ ಹುರುಳಿದೆಯೇ ಎಂದು ನೋಡುತ್ತದೆ. ಇದ್ದರೆ ಪತ್ರಿಕೆಗೆ ಕಳಿಸಿ, ನೀವಿಬ್ಬರೂ ಮಾತಾಡಿಕೊಳ್ಳಿ ಎಂದು 28 ದಿನ ಕೊಡುತ್ತದೆ. ಬಗೆಹರಿಯದಿದ್ದರೆ ತಾನೇ ತನಿಖೆಗೆ ಇಳಿಯುತ್ತದೆ, ಕೊನೆಗೆ ದೂರು ಸಮಿತಿ ತೀರ್ಪು ಕೊಡುತ್ತದೆ. ಆ ಸಮಿತಿಯಲ್ಲಿ ಪತ್ರಿಕೋದ್ಯಮದ ಹೊರಗಿನವರದೇ ಬಹುಮತ. ತಿದ್ದುಪಡಿ ಹಾಕಲೇಬೇಕು, ಇಂಥ ಜಾಗದಲ್ಲೇ ಹಾಕಬೇಕು ಎಂದು ಅದು ಆದೇಶಿಸಬಹುದು. ಆ ಅಧಿಕಾರದ ನೆರಳು ಹಿಂದೆ ಇರುವುದರಿಂದ 28 ದಿನಗಳ ಮಾತುಕತೆಗೆ ಒಂದು ತೂಕ ಬರುತ್ತದೆ.

ಆ ಮಾತುಕತೆಯಲ್ಲಿ ನಾನು ಸುಖಪಟ್ಟೆ ಎಂದರೆ ತಪ್ಪಾಗಲಾರದು. ಈ ಸಲ ಪತ್ರ ಬರೆದದ್ದು ಪತ್ರಿಕೆಯ ದೂರುಗಳನ್ನು ನೋಡುವ ಹಿರಿಯರೊಬ್ಬರು; ಧ್ವನಿಯೇ ಬೇರೆ ಇತ್ತು. ಮೊದಲಿಗೆ ಅವರು ಹೇಳಿದ್ದು, ಹೊಸ ಪ್ರಶ್ನೆ ಏನೆಂಬುದು ಸುದ್ದಿಯ ಕೊನೆಯ ಭಾಗದಲ್ಲಿ ಇದೆ ಎಂದು. ಹೌದು, ಇತ್ತು. ಹಳೆಯ ಪ್ರಶ್ನೆ ಬೇರೆ ಎಂಬುದು ಎಲ್ಲಿದೆ ಎಂದು ಕೇಳಿದೆ. ಆಮೇಲೆ ಜಾಲತಾಣದ ಸುದ್ದಿಯನ್ನು ತಿದ್ದಿ, ಬಾಣ ತೆಗೆಯುತ್ತೇವೆ ಎಂದರು. ಬೆಳಿಗ್ಗೆ ಕಾಗದದಲ್ಲಿ ಓದಿದವನು ಸಂಜೆ ಜಾಲತಾಣಕ್ಕೆ ಹೋಗಿ ಬಾಣ ಇದೆಯೇ ಇಲ್ಲವೇ ಎಂದು ಯಾಕೆ ನೋಡುತ್ತಾನೆ? ಮುದ್ರಿತ ಪತ್ರಿಕೆಯಲ್ಲೂ ಬರಬೇಕು ಎಂದೆ. ಒಂದು ಕರಡು ಕಳಿಸಿದರು: ‘ಸುದ್ದಿಯನ್ನು ಕೆಲವು ಓದುಗರು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದು’. ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಎದ್ದು ಓಡಾಡಿದೆ. ಓದುಗರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಪತ್ರಿಕೆ ಹೇಳಿದ್ದೇ ಅದನ್ನು. ಲೆಕ್ಕಪತ್ರದಲ್ಲಿ ಹಣ ಕಾಣೆಯಾಗಿದ್ದರೆ ಅದನ್ನು ನೋಡಿದವನ ಕಣ್ಣಿನ ದೋಷ ಎಂದು ಟಿಪ್ಪಣಿ ಬರೆಯುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಗೆ ಒಪ್ಪಿಕೊಂಡ ಪಾಠ ಎರಡು ವಾಕ್ಯದ್ದು. ಇಂಥ ದಿನದ ಸುದ್ದಿಯಲ್ಲಿ ಹೋಲಿಸಿದ ಎರಡು ಸಮೀಕ್ಷೆಗಳು ಬೇರೆ ಬೇರೆ ಪ್ರಶ್ನೆ ಕೇಳಿದ್ದವು. ಆದ್ದರಿಂದ ಅವುಗಳ ನಡುವಿನ ವ್ಯತ್ಯಾಸ ಬೆಂಬಲ ಕುಸಿದಿದೆ ಎಂದು ತೋರಿಸುವುದಿಲ್ಲ. ಅವರು ಕ್ಷಮೆ ಕೇಳಲಿಲ್ಲ, ಕೇಳಲೇಬೇಕೆಂದು ನಾನೂ ಹಟ ಹಿಡಿಯಲಿಲ್ಲ. ಎರಡನೆಯ ಪುಟದ ಕೆಳಮೂಲೆಯಲ್ಲಿ, ತಿದ್ದುಪಡಿಗಳಿಗೆಂದೇ ಇರುವ ಚೌಕದಲ್ಲಿ ಅದು ಬಂತು. ಮೂಲ ಸುದ್ದಿಗಿಂತ ಮುಂಚಿನ ಪುಟದಲ್ಲಿ ಬಂದಿದೆ ಎಂಬುದು ಅವರ ವಾದ, ಅಂಚೆಚೀಟಿಯಷ್ಟಿದೆ ಎಂಬುದು ನನ್ನದು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಕುಸಿತದ ಸುದ್ದಿಯನ್ನು ಇಬ್ಬರು ರಾಜಕಾರಣಿಗಳು ತಮ್ಮ ಮಾತುಗಳಲ್ಲಿ ಎತ್ತಿಕೊಂಡಿದ್ದರು. ಅವರ ಮಾತಿಗೆ ಎರಡನೆಯ ಪುಟ ಇರುವುದಿಲ್ಲ.

ಈ ಕೆಲಸ ಹಿಡಿದ ಮೇಲೆ ಪತ್ರಿಕೆ ಓದುವ ನನ್ನ ರೀತಿ ಬದಲಾಗಿದೆ. ಸುಳ್ಳು ಹೇಳದೆಯೇ ಒಂದು ಕಡೆಗೆ ವಾಲಿಸುವ ವಿದ್ಯೆ ಎಷ್ಟು ಬೆಳೆದಿದೆ ಎಂಬುದು ಕಾಣುತ್ತದೆ. ಪ್ರತಿ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಆದಾಯ-ವೆಚ್ಚದ ಅಂದಾಜು ಹೊರಬರುತ್ತದೆ. ಇಲ್ಲಿ ಎಲ್ಲರೂ ಅದನ್ನು ‘ಗರ್ಸ್’ ಎನ್ನುತ್ತಾರೆ. 2024ರಲ್ಲಿ ಬಂದ ಅಂದಾಜಿನಲ್ಲಿ ಕೊರತೆ 22.7 ಬಿಲಿಯನ್ ಪೌಂಡ್, ಅಂದರೆ ಒಟ್ಟು ಉತ್ಪನ್ನದ ಶೇ 10.4, ಇಡೀ ಬ್ರಿಟನ್ನಿನದು ಶೇ 4.5. ಅಂಕಿ ಒಂದೇ, ತಯಾರಿಸಿದವರು ಸ್ಕಾಟಿಷ್ ಸರ್ಕಾರದ್ದೇ ಸಂಖ್ಯಾಶಾಸ್ತ್ರಜ್ಞರು. ಒಂದು ಕಡೆಯವರು ಇದನ್ನು ನೋಡಿ ಒಕ್ಕೂಟ ಇಲ್ಲದಿದ್ದರೆ ಆಸ್ಪತ್ರೆ ಮುಚ್ಚಬೇಕಾಗುತ್ತದೆ ಎಂದು ಬರೆಯುತ್ತಾರೆ. ಇನ್ನೊಂದು ಕಡೆಯವರು ಮುನ್ನೂರು ವರ್ಷದ ಒಕ್ಕೂಟ ನಮ್ಮನ್ನು ತಂದಿಟ್ಟ ಸ್ಥಿತಿ ನೋಡಿ ಎನ್ನುತ್ತಾರೆ. ಈ ಕೊರತೆ ಈಗಿನ ವ್ಯವಸ್ಥೆಯೊಳಗಿನ ಲೆಕ್ಕ, ಸ್ವತಂತ್ರ ದೇಶದ ಬಜೆಟ್ ಅಲ್ಲ; ಹಾಗೆಂದು ಸ್ವತಂತ್ರವಾದ ಮರುದಿನ ಅದು ಆವಿಯಾಗುವುದೂ ಇಲ್ಲ. ಈ ಎರಡನ್ನೂ ಒಂದೇ ಸುದ್ದಿಯಲ್ಲಿ ಹೇಳುವ ಪತ್ರಿಕೆ ಸಿಕ್ಕರೆ ನಾನು ಜೀವಮಾನದ ಚಂದಾ ಕಟ್ಟುತ್ತೇನೆ. ಬಿಟ್ಟದ್ದರ ಮೇಲೆ, ಒಳಪುಟಕ್ಕೆ ತಳ್ಳಿದ್ದರ ಮೇಲೆ, ಆರಿಸಿದ ಫೋಟೊದ ಮೇಲೆ ದೂರು ಕೊಡುವ ಅರ್ಜಿ ಇಲ್ಲ, ಇರಬೇಕೆಂದೂ ನಾನು ಕೇಳುವುದಿಲ್ಲ. ಯಾವ ಸುದ್ದಿ ಮೊದಲ ಪುಟಕ್ಕೆ ಬರಬೇಕೆಂದು ಸಮಿತಿ ಹೇಳುವ ದೇಶದಲ್ಲಿ ಪತ್ರಿಕೆ ಓದುವುದರಲ್ಲಿ ಏನು ಸುಖ?

ಇಡೀ ಬ್ರಿಟನ್ನಿನ ಸಮೀಕ್ಷೆಯಲ್ಲಿ ಸಿಕ್ಕಿದ ಎಂಬತ್ತು-ತೊಂಬತ್ತು ಸ್ಕಾಟರ ಉತ್ತರವನ್ನು ಹಿಡಿದು ಸ್ಕಾಟ್ಲೆಂಡ್ ತಿರುಗಿಬಿದ್ದಿದೆ ಎಂದು ಬರೆಯುವುದು ಇನ್ನೊಂದು ಚಾಳಿ. ಅದನ್ನು ಎರಡೂ ಕಡೆಯವರು ಮಾಡುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಒಂದು ಸಮೀಕ್ಷೆ ‘ಹೌದು’ಗೆ ಶೇ 58 ಕೊಟ್ಟಾಗ ನಮ್ಮ ಕಡೆಯವರು ಕುಣಿದದ್ದು ನೆನಪಿದೆ. ಗೊತ್ತಿಲ್ಲ ಎಂದವರನ್ನು ಲೆಕ್ಕದಿಂದ ತೆಗೆದ ಮೇಲಿನ ಅಂಕಿ ಅದು ಎಂದು ಯಾರೂ ಕೆಳಗಿನ ಗೆರೆಯನ್ನು ಓದಲಿಲ್ಲ.

ಈ ನಡುವೆ ಸ್ವಾತಂತ್ರ್ಯದ ದಾರಿಯೇ ಮುಚ್ಚಿದ ಹಾಗಾಗಿದೆ. 2016ರಲ್ಲಿ ಸ್ಕಾಟ್ಲೆಂಡಿನ ಶೇ 62ರಷ್ಟು ಜನ ಯೂರೋಪಿನಲ್ಲೇ ಉಳಿಯಬೇಕೆಂದರೂ ಹೊರಗೆ ಹೋಗಬೇಕಾಯಿತು. ಹೆಂಡತಿ ಒಂದಿಷ್ಟು ನನ್ನ ಕಡೆಗೆ ವಾಲಿದ್ದು ಆಗ ಮಾತ್ರ. 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು ಒಪ್ಪದೆ ಸ್ಕಾಟಿಷ್ ಸಂಸತ್ತು ಇನ್ನೊಂದು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ಒಮ್ಮತದ ತೀರ್ಪು ಕೊಟ್ಟಿತು. ಹಾಗಾದರೆ ಒಕ್ಕೂಟದಿಂದ ಹೊರಬರುವ ಬಾಗಿಲು ಎಲ್ಲಿದೆ ಎಂಬ ಪ್ರಶ್ನೆಗೆ ಲಂಡನ್ನಿನ ಯಾವ ಪ್ರಧಾನಿಯೂ ಇದುವರೆಗೆ ನೇರ ಉತ್ತರ ಕೊಟ್ಟಿಲ್ಲ, ಯಾವ ದೊಡ್ಡ ಪತ್ರಿಕೆಯೂ ಪಟ್ಟು ಹಿಡಿದು ಕೇಳಿಲ್ಲ. ನನ್ನ ಮಟ್ಟಿಗೆ ದೊಡ್ಡ ಪಕ್ಷಪಾತ ಇದೇ. ಇದಕ್ಕೆ ಯಾವ ನಿಯಮದ ಅಡಿಯಲ್ಲಿ ಅರ್ಜಿ ಹಾಕುವುದು?

ಸ್ಪಷ್ಟೀಕರಣ ಬಂದ ಸುದ್ದಿ ನಮ್ಮ ಬೀದಿಯಲ್ಲಿ ಹರಡಿತು, ಹರಡಿದವನು ನಾನೇ. ಒಂದು ಸಂಜೆ ಎರಡು ಮನೆ ಆಚೆಯ ಗೆಳೆಯ ಬಂದ. ನಿವೃತ್ತ ಎಂಜಿನಿಯರ್, ಒಕ್ಕೂಟದ ಕಟ್ಟಾ ಭಕ್ತ, 2014ರಲ್ಲಿ ಕಿಟಕಿಗೆ ‘ಬೇಡ, ಧನ್ಯವಾದ’ ಎಂಬ ಫಲಕ ಹಾಕಿದ್ದವನು. ಕೈಯಲ್ಲಿ ಬೇರೊಂದು ಪತ್ರಿಕೆಯ ತುಣುಕು. ಸ್ಕಾಟ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯ ಬಯಸುತ್ತಾರೆ ಎಂದು ಅದರ ತಲೆಬರಹ. ಗೊತ್ತಿಲ್ಲ ಎಂದವರನ್ನು ತೆಗೆದುಹಾಕಿದ್ದು ಎಲ್ಲೂ ಇಲ್ಲ.

“ನಿನಗೆ ಈ ಕೆಲಸ ಬರುತ್ತದಲ್ಲ, ನನಗೊಂದು ಬರೆದುಕೊಡು,” ಎಂದ.

“ನಾನು ‘ಹೌದು’ ಕಡೆಯವನು, ಮರೆತೆಯಾ?”

“ಅದಕ್ಕೇ ನಿನ್ನ ಹತ್ತಿರ ಬಂದದ್ದು. ನೀನು ಬರೆದರೆ ತಪ್ಪು ಹಿಡಿಯಲು ಆಗುವುದಿಲ್ಲ.”

ಕೋಷ್ಟಕ ಇಳಿಸಿಕೊಂಡು ನೋಡಿದೆ. ಅವನು ಹೇಳಿದ್ದು ಸರಿಯಿತ್ತು. ಮೇಜಿನ ಮುಂದೆ ಕುಳಿತು ಬರೆಯತೊಡಗಿದೆವು. ಮೊದಲ ವಾಕ್ಯವೇ ‘ಈ ಪತ್ರಿಕೆ ಸ್ವಾತಂತ್ರ್ಯವಾದಿಗಳ ಕರಪತ್ರ’ ಎಂದಿರಬೇಕೆಂದು ಅವನ ಪಟ್ಟು. ಅದನ್ನು ಬರೆದರೆ ದೂರು ಬಿದ್ದುಹೋಗುತ್ತದೆ ಎಂದು ಸಂಹಿತೆ ತೆರೆದು ತೋರಿಸಿದೆ. ಅವನು ಓದಿ, ಇದೇನು ಅನ್ಯಾಯ ಎಂದು ನನ್ನ ಮೇಲೆಯೇ ಹರಿಹಾಯ್ದ. ಹೆಂಡತಿ ಅಡುಗೆಮನೆಯಿಂದ ಬಂದು ಅವನ ಕರಡಿನಿಂದಲೂ ಮೂರು ಪ್ಯಾರಾ ಹೊಡೆದುಹಾಕಿದಳು. ಸಂಪಾದಕರಿಗೆ ಪತ್ರ ಹೋಗಿದೆ. ಉತ್ತರ ಬಂದ ಮೇಲೆ ಇಪ್ಸೊ ಅರ್ಜಿ ತುಂಬಲು ಅವನು ಮತ್ತೆ ಬರುತ್ತಾನೆ. ಬರುವಾಗ ಓದುವ ಕನ್ನಡಕ ತರುವಂತೆ ಹೇಳಿದ್ದೇನೆ, ಕೋಷ್ಟಕದ ಅಡಿಟಿಪ್ಪಣಿಗಳ ಅಕ್ಷರ ಬಹಳ ಸಣ್ಣದು.